ಆಲ್ಪ್ಸ್‌ನಲ್ಲಿ ರಸ್ತೆ ಮುಚ್ಚುತ್ತಾರೆ, ನಿಜ. ಪಕ್ಕದ ಸುರಂಗದ ಮಾತನ್ನೂ ಹೇಳಬೇಕು

ಮಾನ್ಯ ಸಂಪಾದಕರೇ,

ಸತ್ಯಮಂಗಲ ಕಾಡಿನ ದಿಂಬಂ ಘಾಟಿಯ ರಾತ್ರಿ ಸಂಚಾರ ನಿರ್ಬಂಧವನ್ನು ಕುರಿತು ತಮ್ಮ ಓದುಗರ ಅಂಕಣದಲ್ಲಿ ಈಚೆಗೆ ಪತ್ರವೊಂದು ಪ್ರಕಟವಾಗಿತ್ತು. ಆಸ್ಟ್ರಿಯಾ ದೇಶದ ಗ್ರೋಸ್‌ಗ್ಲೋಕ್ನರ್ ಪರ್ವತ ರಸ್ತೆಯನ್ನು ವರ್ಷದಲ್ಲಿ ಆರು ತಿಂಗಳು ಮುಚ್ಚಿದರೂ ಅಲ್ಲಿನ ಜನ ತಕರಾರು ತೆಗೆಯುವುದಿಲ್ಲ, ಘಾಟಿಯ ಮೇಲಿನ ತಾಳವಾಡಿಯವರು ಮಾತ್ರ ರಾತ್ರಿಯ ಕೆಲವು ತಾಸುಗಳ ಸಲುವಾಗಿ ಗದ್ದಲ ಎಬ್ಬಿಸುತ್ತಾರೆ ಎಂಬುದು ಅದರ ಸಾರಾಂಶ. ನಾನು ತಾಳವಾಡಿಯವನು, ಆ ಪತ್ರದಲ್ಲಿ ಹೆಸರಿಸಿದ ರಸ್ತೆಯನ್ನು, ಅದೂ ಅದು ಮುಚ್ಚಿದ್ದ ಕಾಲದಲ್ಲೇ, ಹೋಗಿ ನೋಡಿ ಬಂದವನು. ಆದ್ದರಿಂದ ಈ ಹೋಲಿಕೆಯ ಬಗ್ಗೆ ಒಂದಷ್ಟು ಬರೆಯುವುದು ಅಗತ್ಯವೆನಿಸಿತು.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ದಿಂಬಂ ಘಾಟಿಯಲ್ಲಿ ರಾತ್ರಿ ಹೊತ್ತು ವಾಹನಗಳನ್ನು ತಡೆಯುವುದಕ್ಕೆ ನನ್ನ ವಿರೋಧವಿಲ್ಲ. 2013ರಲ್ಲಿ ಸತ್ಯಮಂಗಲ ಕಾಡು ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾಗುವುದಕ್ಕೆ ಎಷ್ಟೋ ಮೊದಲಿನಿಂದಲೂ, ಘಾಟಿಯ ಬುಡದ ಬಣ್ಣಾರಿಯಿಂದ ಮೇಲೇರುವ ಆ 27 ತಿರುವುಗಳಲ್ಲಿ ಲಾರಿಗಳ ಬೆಳಕಿಗೆ ಕಣ್ಣು ಕತ್ತಲಿಟ್ಟು ನಿಂತ ಜಿಂಕೆಗಳನ್ನೂ, ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತ ಚಿರತೆಯನ್ನೂ, ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನೂ ನಮ್ಮ ಕಡೆಯವರು ಕಂಡಿದ್ದಾರೆ. ಸತ್ತ ಪ್ರಾಣಿಗಳನ್ನೂ ಕಂಡಿದ್ದಾರೆ. ಮದ್ರಾಸ್ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರಾತ್ರಿ ನಿರ್ಬಂಧವನ್ನು ಜಾರಿಗೆ ತರುವಂತೆ ಆದೇಶಿಸಿದಾಗ ತಾಳವಾಡಿಯಲ್ಲಿ ಅಂಗಡಿಗಳು ಮುಚ್ಚಿದವು, ರೈತರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಕಾಡುಪ್ರಾಣಿಗಳ ವಿರೋಧಿಗಳಾಗಿರಲಿಲ್ಲ. ಅವರ ಪ್ರಶ್ನೆ ಬೇರೆಯೇ ಇತ್ತು, ಆ ಪ್ರಶ್ನೆಗೆ ಆಸ್ಟ್ರಿಯಾದಲ್ಲಿ ಉತ್ತರವೂ ಇದೆ. ಪತ್ರ ಬರೆದ ಮಹನೀಯರು ಆ ಉತ್ತರವನ್ನೇ ಬಿಟ್ಟುಬಿಟ್ಟಿದ್ದಾರೆ.

ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮಾರ್ಚ್ ತಿಂಗಳಲ್ಲಿ, ಅಳಿಯನ ಕಾರಿನಲ್ಲಿ ಆ ಕಡೆಗೆ ಹೊರಟೆವು. ರಸ್ತೆ ಮುಚ್ಚಿರುತ್ತದೆ, ಹೋಗಿ ಪ್ರಯೋಜನವಿಲ್ಲ ಎಂದು ಮಗಳು ಹೇಳಿದಳು. ಮುಚ್ಚಿದ ಘಾಟಿಯ ಮುಂದೆ ಕಾಯುವುದರಲ್ಲಿ ತಾಳವಾಡಿಯವರಿಗಿಂತ ಪಳಗಿದವರು ಯಾರಿದ್ದಾರೆ, ನೋಡೋಣ ನಡಿ ಎಂದೆ. ಸಾಲ್ಸ್‌ಬರ್ಗ್ ಪ್ರಾಂತದ ಬ್ರುಕ್ ಎಂಬಲ್ಲಿ ತಿರುಗಿ, ಫುಶ್ ಎಂಬ ಹಳ್ಳಿಯನ್ನು ದಾಟಿದರೆ ಫೆರ್ಲೈಟನ್ ಸಿಗುತ್ತದೆ. ಸುಂಕದ ಗೇಟು ಇರುವುದು ಅಲ್ಲಿ. ಆ ಗೇಟು ಇರುವುದೇ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿ. ನಮ್ಮ ದಿಂಬಂನ ನೆತ್ತಿ ಹೆಚ್ಚೂಕಡಿಮೆ ಅಷ್ಟೇ ಎತ್ತರ. ನಮ್ಮ ಘಾಟಿ ಮುಗಿಯುವ ಎತ್ತರದಲ್ಲಿ ಅವರದು ಶುರುವಾಗುತ್ತದೆ. ಬೇಸಿಗೆಯಲ್ಲಿ ಕಾರುಗಳೂ ಮೋಟಾರ್‌ಸೈಕಲ್‌ಗಳೂ ಸಾಲುಗಟ್ಟುವ ಆ ಜಾಗದಲ್ಲಿ ಅಂದು ಸುಂಕದ ಗೂಡುಗಳು ಮುಚ್ಚಿದ್ದವು, ಅಡ್ಡಗಟ್ಟೆ ಇಳಿದಿತ್ತು, ಅದರಾಚೆ ಹಿಮದಡಿಯಲ್ಲಿ ಡಾಂಬರು ಕಾಣಿಸುತ್ತಿರಲಿಲ್ಲ. ಕಾಲಿಗೆ ಹಿಮಹಲಗೆ (ಸ್ಕೀ) ಕಟ್ಟಿಕೊಂಡ ಕೆಲವರು ಗೇಟಿನ ಪಕ್ಕದಿಂದ ಕಣಿವೆಯೊಳಗೆ ಹೋಗುತ್ತಿದ್ದರು. ವಾಹನಕ್ಕೆ ಮಾತ್ರ ತಡೆ, ಮನುಷ್ಯನ ಕಾಲಿಗೆ ಅಲ್ಲ.

ಆ ರಸ್ತೆಯ ಹಿನ್ನೆಲೆ ತಿಳಿದರೆ ಅದನ್ನು ಮುಚ್ಚುವುದರ ಅರ್ಥವೂ ತಿಳಿಯುತ್ತದೆ. 1930ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, ನಿರುದ್ಯೋಗಿಗಳ ಕೈಗೆ ಕೆಲಸ ಕೊಡುವ ಉದ್ದೇಶವನ್ನೂ ಇಟ್ಟುಕೊಂಡು ಅದರ ಕೆಲಸ ಆರಂಭವಾಯಿತು. ಫ್ರಾಂಜ್ ವಾಲಾಕ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. 1935ರ ಆಗಸ್ಟ್ 3ರಂದು ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 48 ಕಿಲೋಮೀಟರ್, ತಿರುವುಗಳು 36, ಪ್ರತಿಯೊಂದಕ್ಕೂ ನಮ್ಮ ದಿಂಬಂನಂತೆಯೇ ಸಂಖ್ಯೆ ಹಾಕಿದ್ದಾರೆ. ಹೋಖ್‌ಟೋರ್ ಎಂಬಲ್ಲಿ ಅದು 2504 ಮೀಟರ್ ಎತ್ತರವನ್ನು ಮುಟ್ಟಿ, ಒಂದು ಸಣ್ಣ ಸುರಂಗದಲ್ಲಿ ಬೆಟ್ಟದ ನೆತ್ತಿಯನ್ನು ದಾಟಿ, ದಕ್ಷಿಣದ ಕರಿಂಥಿಯಾ ಪ್ರಾಂತದ ಹೈಲಿಗೆನ್‌ಬ್ಲುಟ್ ಎಂಬ ಊರಿಗೆ ಇಳಿಯುತ್ತದೆ. 3798 ಮೀಟರ್ ಎತ್ತರದ, ಆಸ್ಟ್ರಿಯಾದ ಅತ್ಯುನ್ನತ ಶಿಖರವಾದ ಗ್ರೋಸ್‌ಗ್ಲೋಕ್ನರ್‌ನ ಎದುರಿಗೆ, ಪಾಸ್ಟೆರ್ಟ್ಸೆ ಹಿಮನದಿಯ ದಂಡೆಯವರೆಗೂ ಅದರ ಒಂದು ಕವಲು ಹೋಗುತ್ತದೆ. ಅದನ್ನು ನಾವು ನೋಡಲಾಗಲಿಲ್ಲ. ಬೇಸಿಗೆಯ ಚಿತ್ರಗಳಲ್ಲಿ ನೋಡಿದ್ದಷ್ಟೇ.

ಈ ರಸ್ತೆ ಹುಟ್ಟಿದ್ದೇ ನೋಡುವವರಿಗಾಗಿ, ಮತ್ತು ಹುಟ್ಟಿದ ದಿನದಿಂದಲೂ ಅದು ಸುಂಕದ ರಸ್ತೆ. ಇಂದು ಒಂದು ಕಾರಿಗೆ ಒಂದು ದಿನದ ಸುಂಕ ನಲವತ್ತು ಯೂರೋಗಳನ್ನು ಮೀರುತ್ತದೆ. ನಮ್ಮ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ತರಕಾರಿ ಸಾಗಿಸುವವನು, ಶಾಲೆಗೆ ಹೋಗುವವನು, ಹೆರಿಗೆ ಆಸ್ಪತ್ರೆಗೆ ಧಾವಿಸುವವನು ದಿನನಿತ್ಯ ಕೊಡುವ ಹಣ ಅದಾಗಿರಲು ಸಾಧ್ಯವೇ ಇಲ್ಲ. ಸಾಮಾನ್ಯವಾಗಿ ಮೇ ತಿಂಗಳ ಆರಂಭದಿಂದ ನವೆಂಬರ್ ಆರಂಭದವರೆಗೆ ಅದು ತೆರೆದಿರುತ್ತದೆ. ಹಿಂದಿನ ಪತ್ರದ ಪರವಾಗಿ ಹೇಳಬಹುದಾದ ಒಂದು ಸಂಗತಿಯನ್ನು ನಾನೇ ಸೇರಿಸುತ್ತೇನೆ: ತೆರೆದಿರುವ ಆ ತಿಂಗಳುಗಳಲ್ಲೂ ರಾತ್ರಿ ಅಲ್ಲಿ ಸಂಚಾರವಿಲ್ಲ. ಹೋಹೆ ಟೌರ್ನ್ ರಾಷ್ಟ್ರೀಯ ಉದ್ಯಾನದ ನಡುವೆ ಹಾದುಹೋಗುವ ರಸ್ತೆ ಅದು. ಸಂಜೆಯಾದ ಮೇಲೆ ಗೇಟು ಬೀಳುತ್ತದೆ, ಬೆಳಗ್ಗೆ ಏಳುತ್ತದೆ. ಹೀಗಾಗಿ ಕಾಡಿನ ರಸ್ತೆಗೂ ರಾತ್ರಿ ವಿರಾಮ ಕೊಡಬಹುದು ಎಂಬ ವಾದಕ್ಕೆ ಗ್ರೋಸ್‌ಗ್ಲೋಕ್ನರ್ ಒಳ್ಳೆಯ ಸಾಕ್ಷಿಯೇ.

ಮುಚ್ಚಿದ ರಸ್ತೆಯ ಹಿಂದೆ ಎಷ್ಟು ಕೆಲಸವಿದೆ ಎಂಬುದನ್ನೂ ಗಮನಿಸಬೇಕು. ಆರಂಭದ ವರ್ಷಗಳಲ್ಲಿ ಸುಮಾರು 350 ಆಳುಗಳು 70 ದಿನಗಳ ಕಾಲ ಸಲಿಕೆ ಹಿಡಿದು ಹಿಮ ತೆಗೆದರೆ ಒಂದು ವಾಹನ ಹೋಗುವಷ್ಟು ದಾರಿಯಾಗುತ್ತಿತ್ತು. ರಸ್ತೆ ಕಟ್ಟಿಸಿದ ವಾಲಾಕ್ ಅವರೇ ಮುಂದೆ ತಿರುಗುವ ಅಲಗುಗಳ ಹಿಮ ತೆಗೆಯುವ ಯಂತ್ರವನ್ನು ರೂಪಿಸಿದರು. 1953ರಲ್ಲಿ ಬಂದ ಆ ಯಂತ್ರಗಳು ಇಂದಿಗೂ ಪ್ರತಿ ವಸಂತದಲ್ಲಿ ಉತ್ತರದಿಂದಲೂ ದಕ್ಷಿಣದಿಂದಲೂ ಹೊರಟು, ಮನೆಯೆತ್ತರದ ಹಿಮದ ಗೋಡೆಗಳ ನಡುವೆ ದಾರಿ ಕೊರೆಯುತ್ತ, ಮೇಲೆ ಒಂದನ್ನೊಂದು ಸಂಧಿಸುತ್ತವೆ. ಏಳು ದಶಕ ದಾಟಿದ ಯಂತ್ರವನ್ನು ಗುಜರಿಗೆ ಹಾಕದೆ ದುಡಿಸಿಕೊಳ್ಳುತ್ತಿರುವುದನ್ನು ಕೇಳಿ, ಹಳೆಯ ಟ್ರ್ಯಾಕ್ಟರನ್ನು ಬಿಟ್ಟುಕೊಡದ ನಮ್ಮ ಕಡೆಯ ರೈತರಿಗೆ ಇದು ತಿಳಿದರೆ ಸಂತೋಷಪಡುತ್ತಾರೆ ಎಂದುಕೊಂಡೆ.

ಈಗ ಪತ್ರದಲ್ಲಿ ಬಿಟ್ಟುಹೋದ ಸಂಗತಿಗೆ ಬರುತ್ತೇನೆ. ಗೇಟಿನ ಬಳಿಯಿಂದ ಹಿಂದಿರುಗಿದ ನಾವು ಬೆಟ್ಟದ ಆಚೆಯ ಹೈಲಿಗೆನ್‌ಬ್ಲುಟ್ ಊರನ್ನು ಅದೇ ದಿನ ಸೇರಿದೆವು. ಹೇಗೆಂದರೆ, ಪಶ್ಚಿಮಕ್ಕೆ ಮಿಟರ್‌ಸಿಲ್ ಎಂಬ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಫೆಲ್ಬರ್‌ಟೌರ್ನ್ ಸುರಂಗದಲ್ಲಿ ಪರ್ವತ ಶ್ರೇಣಿಯನ್ನು ದಾಟಿ, ಮಾಟ್ರೈ, ಲೀನ್ಜ್ ಮಾರ್ಗವಾಗಿ, ಈಸೆಲ್ಸ್‌ಬರ್ಗ್ ಎಂಬ ಸಣ್ಣ ಘಾಟಿಯನ್ನು ಏರಿ ಇಳಿದು, ಬಹುದೂರ ಸುತ್ತಿಕೊಂಡು ಹೋದೆವು. ಐದು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಸುರಂಗ 1967ರಲ್ಲಿ ತೆರೆಯಿತು. ಅದೂ ಸುಂಕದ ದಾರಿಯೇ, ಆದರೆ ಸುಂಕ ಗ್ರೋಸ್‌ಗ್ಲೋಕ್ನರ್‌ಗಿಂತ ಬಹಳ ಕಡಿಮೆ. ವರ್ಷಪೂರ್ತಿ, ಚಳಿಗಾಲದಲ್ಲೂ, ರಾತ್ರಿಯಲ್ಲೂ ಸಂಚಾರಕ್ಕೆಂದೇ ಕಟ್ಟಿದ್ದು. ಹಾಲಿನ ಟ್ಯಾಂಕರ್, ಮರದ ದಿಮ್ಮಿ ಹೊತ್ತ ಲಾರಿ, ಬಸ್ಸು, ಆಂಬುಲೆನ್ಸ್ ಎಲ್ಲವೂ ಅಲ್ಲಿ ಓಡುತ್ತವೆ. ಮೇಲಿನ ಚೆಲುವಿನ ರಸ್ತೆಯನ್ನು ಆರು ತಿಂಗಳು ನಿಶ್ಚಿಂತೆಯಿಂದ ಮುಚ್ಚಲು ಸಾಧ್ಯವಾಗಿರುವುದು ಕೆಳಗಿನ ಬದುಕಿನ ರಸ್ತೆ ತೆರೆದಿರುವುದರಿಂದ. ಗ್ರೋಸ್‌ಗ್ಲೋಕ್ನರ್ ಮುಚ್ಚಿದಾಗ ಅಲ್ಲಿಯವರು ತಕರಾರು ತೆಗೆಯುವುದಿಲ್ಲ ಎಂಬುದು ಅವರ ತಾಳ್ಮೆಗೆ ಸಂದ ಪ್ರಶಸ್ತಿಯಲ್ಲ; ತಕರಾರು ತೆಗೆಯುವ ಕಾರಣವನ್ನೇ ಅವರ ಸರ್ಕಾರ 1967ರಲ್ಲಿ ಇಲ್ಲವಾಗಿಸಿದೆ.

ಆ ಸುರಂಗವನ್ನು ಏಕೆ ಕೊರೆದರು ಎಂಬ ಕಥೆ ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರದ್ದು. ಸುರಂಗದ ದಕ್ಷಿಣಕ್ಕಿರುವ ಲೀನ್ಜ್ ಸುತ್ತಲಿನ ಪ್ರದೇಶವನ್ನು ಪೂರ್ವ ಟಿರೋಲ್ ಎನ್ನುತ್ತಾರೆ. ಮೊದಲ ಮಹಾಯುದ್ಧದ ಬಳಿಕ 1919ರ ಒಪ್ಪಂದದಂತೆ ದಕ್ಷಿಣ ಟಿರೋಲ್ ಇಟಲಿಗೆ ಸೇರಿದಾಗ, ಪೂರ್ವ ಟಿರೋಲ್ ತನ್ನ ಪ್ರಾಂತದ ಉಳಿದ ಭಾಗದಿಂದ ತುಂಡಾಯಿತು. ಪ್ರಾಂತದ ರಾಜಧಾನಿಯಾದ ಇನ್ಸ್‌ಬ್ರುಕ್‌ಗೆ ಹೋಗಬೇಕಾದರೆ ಅಲ್ಲಿನ ಜನ ಇಟಲಿಯ ನೆಲವನ್ನು ತುಳಿಯಬೇಕು, ಇಲ್ಲವೇ ನೆರೆಯ ಪ್ರಾಂತವಾದ ಸಾಲ್ಸ್‌ಬರ್ಗ್‌ನ ಮೂಲಕ ಸುತ್ತಬೇಕು. ಜಿಲ್ಲೆಯೊಂದು ಕಾಗದದ ಮೇಲೆ ಒಂದು ಕಡೆ, ಬೆಟ್ಟಗಳ ಲೆಕ್ಕದಲ್ಲಿ ಇನ್ನೊಂದು ಕಡೆ. ಡಾ. ರಾಜ್‌ಕುಮಾರ್ ಅವರ ಗಾಜನೂರಿನಿಂದಷ್ಟೇ ನಮ್ಮ ಸೀಮೆಯನ್ನು ಗುರುತಿಸುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು: ತಾಳವಾಡಿಯ ಮನೆಗಳಲ್ಲಿ ಕನ್ನಡ, ಸಂಬಂಧ ಬೆಳೆಸುವುದು ಚಾಮರಾಜನಗರದ ಕಡೆ, ಆದರೆ ನಮ್ಮ ರಾಜ್ಯ ತಮಿಳುನಾಡು, ಈಗಿನ ಜಿಲ್ಲಾ ಕೇಂದ್ರ ಈರೋಡು. ಆ ಜಿಲ್ಲಾ ಕೇಂದ್ರಕ್ಕೂ ನಮಗೂ ನಡುವೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಮತ್ತು ಆ ದಾರಿಯಲ್ಲಿ ದಿಂಬಂ ಘಾಟಿ. ಜಿಲ್ಲಾಧಿಕಾರಿಗಳ ಕಚೇರಿಗೂ ಜಿಲ್ಲಾ ಆಸ್ಪತ್ರೆಗೂ ಇಳಿಯುವುದು ಅದರಲ್ಲೇ. ನಮ್ಮ ಹೊಲಗಳ ಕೋಸು, ಬೀಟ್‌ರೂಟ್, ಆಲೂಗಡ್ಡೆ ಮೇಟ್ಟುಪಾಳ್ಯ, ಕೊಯಮತ್ತೂರು ಮಾರುಕಟ್ಟೆಗಳಿಗೆ ಇಳಿಯುವುದೂ ಅದರಲ್ಲೇ. ಲೀನ್ಜ್‌ನ ಬೀದಿಯಲ್ಲಿ ಕಾಫಿ ಕುಡಿಯುತ್ತ ಅಳಿಯ ಈ ಪೂರ್ವ ಟಿರೋಲ್‌ನ ಇತಿಹಾಸವನ್ನು ಹೇಳಿದಾಗ, ನನಗೆ ಅದನ್ನು ಅರ್ಥ ಮಾಡಿಸಲು ಅವನು ಹೆಚ್ಚು ಶ್ರಮಪಡಬೇಕಾಗಲಿಲ್ಲ.

ಆ ಸುರಂಗದ ದಾರಿಯೇ ಮುಚ್ಚಿದಾಗ ಏನಾಯಿತು ಎಂಬುದನ್ನೂ ನೋಡಬೇಕು. 2013ರ ಮೇ ತಿಂಗಳಲ್ಲಿ ಮಾಟ್ರೈ ಬಳಿ ಬೆಟ್ಟ ಕುಸಿದು, ಹಿಮಪಾತದಿಂದ ರಕ್ಷಿಸಲು ರಸ್ತೆಯ ಮೇಲೆ ಕಟ್ಟಿದ್ದ ಕಾಂಕ್ರೀಟ್ ಚಾವಣಿಯೇ ನೆಲಸಮವಾಯಿತು. ಆಗ ಅದೇ ಆಸ್ಟ್ರಿಯಾದ ಜನ ಸುಮ್ಮನೆ ಕೂರಲಿಲ್ಲ. ವ್ಯಾಪಾರ, ಪ್ರವಾಸ, ಕೆಲಸ ಎಲ್ಲಕ್ಕೂ ಪೆಟ್ಟು ಬಿದ್ದುದರಿಂದ ಗಟ್ಟಿಯಾಗಿಯೇ ಮಾತಾಡಿದರು. ಆ ಬೇಸಿಗೆಯಲ್ಲೇ ತಾತ್ಕಾಲಿಕ ರಸ್ತೆ ಸಿದ್ಧವಾಯಿತು, ಅನಂತರದ ವರ್ಷಗಳಲ್ಲಿ ಶಾಶ್ವತ ದಾರಿಯೂ ಆಯಿತು. ನೋಡುವ ರಸ್ತೆ ಮುಚ್ಚಿದರೆ ಮೌನ, ಬದುಕುವ ರಸ್ತೆ ಮುಚ್ಚಿದರೆ ಕೂಗು. ದಿಂಬಂ ಯಾವ ಬಗೆಯ ರಸ್ತೆ ಎಂಬುದನ್ನು ಹಿಂದಿನ ಪತ್ರದ ಲೇಖಕರು ತಾವೇ ನಿರ್ಧರಿಸಲಿ.

ನಮ್ಮ ನೆರೆಯಲ್ಲೇ ಇನ್ನೊಂದು ನಿದರ್ಶನವಿದೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿರ್ಬಂಧವಿದೆ. ಅದನ್ನು ನಾನು ಮನಸಾರೆ ಸಮರ್ಥಿಸುತ್ತೇನೆ. ಅಲ್ಲಿ ಮೈಸೂರಿನಿಂದ ಕೇರಳಕ್ಕೆ ಹೋಗುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವನ್ನು ಪರ್ಯಾಯವಾಗಿ ತೋರಿಸಲಾಗಿದೆ; ದೂರ ಹೆಚ್ಚು, ಆದರೂ ಒಂದು ದಾರಿಯಿದೆ. ದಿಂಬಂ ಮುಚ್ಚಿದ ರಾತ್ರಿ ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವವನು ಗುಂಡ್ಲುಪೇಟೆಯ ಕಡೆ ತಿರುಗಿದರೆ ಎದುರಾಗುವುದು ಅದೇ ಬಂಡೀಪುರದ ಗೇಟು. ಪೂರ್ವಕ್ಕೆ ತಿರುಗಿದರೂ ಕಾಡೇ, ಘಾಟಿಯೇ. ಕಾಡಿನ ನಡುವೆ ನಾವು ಸುರಂಗ ಕೇಳುತ್ತಿಲ್ಲ. ಪಶ್ಚಿಮ ಘಟ್ಟಗಳೂ ಪೂರ್ವ ಘಟ್ಟಗಳೂ ಕೂಡುವ, ಆನೆಗಳು ತಲೆತಲಾಂತರದಿಂದ ನಡೆದಾಡುವ ಆ ಬೆಟ್ಟಕ್ಕೆ ಸಿಡಿಮದ್ದು ಇಡಿ ಎಂದು ಕೇಳುವುದು ಮೂರ್ಖತನ. ಸುರಂಗ ಕೊಡಲು ಸಾಧ್ಯವಿಲ್ಲದ ಕಡೆ ಆ ಕೊರತೆಯನ್ನು ವ್ಯವಸ್ಥೆಯಿಂದಲಾದರೂ ತುಂಬಬೇಕು ಎಂಬಷ್ಟೇ ನಮ್ಮ ಬೇಡಿಕೆ.

ಹುಲಿ ಮೀಸಲು ಪ್ರದೇಶದೊಳಗಿನ ಊರುಗಳ ನಿವಾಸಿಗಳಿಗೆ ನ್ಯಾಯಾಲಯ ಆ ಬಳಿಕ ವಿನಾಯಿತಿ ನೀಡಿದ್ದನ್ನು ನಾನು ಮರೆತಿಲ್ಲ. ಅದು ನ್ಯಾಯವಾದ ತೀರ್ಮಾನ. ಆದರೆ ವಿನಾಯಿತಿ ಎಂಬುದು ರಾತ್ರಿ ಹತ್ತು ಗಂಟೆಗೆ ಗೇಟಿನ ಮುಂದೆ ನಿಂತು ವಾದಿಸಿ ಪಡೆಯುವ ವಸ್ತುವಾಗಬಾರದು. ರೋಗಿಯನ್ನು ಕರೆದೊಯ್ಯಲು ಬಂದ ಬಾಡಿಗೆ ವ್ಯಾನು, ತಾಳವಾಡಿಯ ತಾಯಿಯನ್ನು ನೋಡಲು ಕೊಯಮತ್ತೂರಿನಿಂದ ಹೊರಟ ಮಗ, ಮದುವೆ ಮುಗಿಸಿ ಮರಳುವ ನೆಂಟರು ಯಾವ ಲೆಕ್ಕಕ್ಕೆ ಸೇರುತ್ತಾರೆ ಎಂಬುದು ಮೊದಲೇ ಬರಹದಲ್ಲಿ ಇತ್ಯರ್ಥವಾಗಿರಬೇಕು. ಗೇಟಿನಲ್ಲಿ ಪಾಳಿಗೆ ನಿಂತ ಕೆಳಹಂತದ ಸಿಬ್ಬಂದಿಯ ಮೇಲೆ ಆ ಹೊರೆ ಹೊರಿಸುವುದು ಅವರಿಗೂ ಅನ್ಯಾಯ, ನಮಗೂ ಕಷ್ಟ.

ಇನ್ನೊಂದು ಸಂಗತಿ ಮುನ್ಸೂಚನೆಯದು. ಗ್ರೋಸ್‌ಗ್ಲೋಕ್ನರ್‌ಗೆ ಹೋಗುವವನಿಗೆ ಗೇಟು ಮುಟ್ಟುವ ಮೊದಲೇ, ಕೆಳಗಿನ ಕವಲುದಾರಿಯಲ್ಲೇ, ರಸ್ತೆ ಮುಚ್ಚಿದೆ ಎಂದು ಫಲಕ ಹೇಳುತ್ತದೆ, ತಿರುಗಬೇಕಾದ ದಾರಿಯನ್ನು ತೋರಿಸುತ್ತದೆ. ದಿಂಬಂನಲ್ಲಿ ರಾತ್ರಿಯ ನಿರ್ಬಂಧಕ್ಕಿಂತ ಹೆಚ್ಚಾಗಿ ಜನರನ್ನು ಬಳಲಿಸುವುದು ಹಗಲಿನ ಹಠಾತ್ ಮುಚ್ಚುವಿಕೆ: ತಿರುವಿನಲ್ಲಿ ಭಾರದ ಲಾರಿ ಸಿಕ್ಕಿಕೊಂಡಾಗ, ಮಳೆಗಾಲದಲ್ಲಿ ಮರ ಅಡ್ಡಬಿದ್ದಾಗ, ಮಣ್ಣು ಜರಿದಾಗ ಗಂಟೆಗಟ್ಟಲೆ ಸಾಲು ನಿಲ್ಲುತ್ತದೆ, ಹಿಂದಿನಿಂದ ಬರುವವರು ವಿಷಯ ತಿಳಿಯದೆ ಬಂದು ಸೇರುತ್ತಲೇ ಇರುತ್ತಾರೆ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ ದಾಟಿ ಬರುವ ಚಾಲಕನಿಗೆ ಘಾಟಿಯ ಮೇಲಿನ ಹಾಸನೂರಿಗೆ ಬಂದ ಮೇಲೆ ತಿಳಿದು ಏನು ಪ್ರಯೋಜನ? ಮೈಸೂರು ಕಡೆಯಿಂದ ಬರುವವನಿಗಂತೂ ಚಾಮರಾಜನಗರದಲ್ಲೇ ತಿಳಿದರೆ ಊಟ ಮಾಡಿ ಕಾಯಬಹುದು, ಇಲ್ಲವೇ ಪಯಣವನ್ನೇ ಮುಂದೂಡಬಹುದು.

ಸುಂಕದ ಬಗ್ಗೆಯೂ ಒಂದು ಮಾತು. ಕಾಡಿನ ರಸ್ತೆಗಳಲ್ಲಿ ಹಾದುಹೋಗುವ ವಾಹನಗಳಿಂದ ಶುಲ್ಕ ಪಡೆಯಬೇಕೆಂಬ ಮಾತು ನಮ್ಮಲ್ಲೂ ಆಗಾಗ ಬರುತ್ತದೆ. ಪ್ರವಾಸಿಗಳಿಂದಲೂ ದೂರದ ಸರಕು ಲಾರಿಗಳಿಂದಲೂ ಪಡೆಯಲಿ, ನನ್ನದೇನೂ ಅಡ್ಡಿಯಿಲ್ಲ. ಆಲ್ಪ್ಸ್‌ನಲ್ಲಿ ಪ್ರವಾಸಿಯ ನಲವತ್ತು ಯೂರೋ ಆ ರಸ್ತೆಯ ಹಿಮ ತೆಗೆಯುವುದಕ್ಕೂ ದುರಸ್ತಿಗೂ ಒದಗುತ್ತದೆ ಎಂಬುದು ಅಲ್ಲಿಗೆ ಹೋದ ಯಾರಿಗಾದರೂ ಕಣ್ಣಿಗೆ ಕಾಣುತ್ತದೆ. ಇಲ್ಲೂ ಹಾಗೆ ಪಡೆದ ಹಣದಿಂದ ಸಿಕ್ಕಿಕೊಂಡ ಲಾರಿಯನ್ನು ಎತ್ತುವ ಕ್ರೇನ್ ಒಂದು ಬಣ್ಣಾರಿಯಲ್ಲೂ ಒಂದು ಹಾಸನೂರಿನಲ್ಲೂ ಸದಾ ಸಿದ್ಧವಿರುವಂತೆ ಮಾಡಿದರೆ, ಶುಲ್ಕ ಕೊಡುವವನು ಗೊಣಗುವುದಿಲ್ಲ. ತಾಳವಾಡಿಯ ರೈತ ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಶುಲ್ಕ ಕೊಡುವಂತಾಗಬಾರದು.

ತಮ್ಮ ಪತ್ರಿಕೆ ಚಾಮರಾಜನಗರದಲ್ಲೂ ತಾಳವಾಡಿಯಲ್ಲೂ ಬೆಳಗಿನ ಚಹಾದ ಹೊತ್ತಿಗೆ ಕೈಸೇರುತ್ತದೆ. ಆದ್ದರಿಂದ ತಮ್ಮ ಮೂಲಕ ಎರಡೂ ರಾಜ್ಯಗಳ ಸಂಬಂಧಪಟ್ಟ ಇಲಾಖೆಗಳಲ್ಲಿ ವಿನಂತಿಸುತ್ತೇನೆ: ದಿಂಬಂ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ತಿಳಿಸುವ ಫಲಕಗಳನ್ನು ಚಾಮರಾಜನಗರ ಬಸ್ ನಿಲ್ದಾಣದ ಬಳಿ, ತಾಳವಾಡಿಯಲ್ಲಿ, ಹಾಸನೂರಿನಲ್ಲಿ ಮತ್ತು ಸತ್ಯಮಂಗಲದಲ್ಲಿ, ಕನ್ನಡ ಮತ್ತು ತಮಿಳು ಎರಡರಲ್ಲೂ, ರಾತ್ರಿಯಲ್ಲೂ ಓದಲು ಬರುವಂತೆ ನಿಲ್ಲಿಸಲಿ, ವಿನಾಯಿತಿಯ ನಿಯಮಗಳನ್ನು ಅದೇ ಫಲಕದ ಕೆಳಗೆ ಪೂರ್ತಿಯಾಗಿ ಬರೆಸಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ಇಷ್ಟನ್ನು ಮಾಡಲು ಸುರಂಗದಷ್ಟು ಹಣವೂ ಬೇಡ, ಅಷ್ಟು ವರ್ಷಗಳೂ ಬೇಡ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ತಾಳವಾಡಿ, ಈರೋಡು ಜಿಲ್ಲೆ, ತಮಿಳುನಾಡು